ಅಪರಿಸ್ರಾವಿ: ವಿದ್ಯಾಸ್ಥಾನಗಳ ವಿಶ್ವಾಸವನ್ನು ಕುರಿತು

ಬಿ.ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ತೀರ ಈಚೆಗೆ ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಶಾಸನಗಳನ್ನು, ಸಿಂದರ ಬೆಳಗುತ್ತಿಯ ಶಾಸನಗಳನ್ನೂ ಸೇರಿಸಿ, ಅಲ್ಲಿ ಹೊನ್ನಾಳಿಯ ಭಾಗದಲ್ಲಿಯೇ ಹುಡುಕಬೇಕು. ಜಗಳೂರು ಮಾತ್ರ ಚಿತ್ರದುರ್ಗ ಜಿಲ್ಲೆಯ ಹನ್ನೊಂದನೆಯ ಸಂಪುಟಕ್ಕೆ ಸೇರಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಈ ಎರಡು ಸಂಪುಟಗಳಿಗೆ ಸೇರಿದ ಕೆಲವು ತಾಲ್ಲೂಕುಗಳು ಒಂದೇ ಆಡಳಿತದ ಕೆಳಗೆ ಬಂದವು. ಇಲ್ಲಿಯ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದಿಂದ 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ, ಅಲ್ಲಿಂದ 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಕೈ ಬದಲಾಗುತ್ತ ಬಂದಿವೆ. ಈ ಭಾಗದ ಅಧ್ಯಾಪಕರಿಗೆ ಈಗೀಗ ನಡೆಯುವ ತರಬೇತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ವಿಷಯವಿದೆ: ವಿದ್ಯಾಸಂಸ್ಥೆಯ ಮುಖ್ಯಸ್ಥರಿಗೂ ಸಹೋದ್ಯೋಗಿಗಳಿಗೂ ನಡುವೆ ವಿಶ್ವಾಸವನ್ನು ಬೆಳೆಸುವುದು ಹೇಗೆ ಎಂಬುದು. ಉದಾಹರಣೆಗಳೆಲ್ಲ ಬಹುಮಟ್ಟಿಗೆ ಹೊರದೇಶದ ಕಂಪನಿಗಳವು. ಆದರೆ ಹೊನ್ನಾಳಿಯ ಶಾಸನಗಳಿರುವ ಅದೇ ಸಂಪುಟದ ಶಿಕಾರಿಪುರ ಭಾಗವನ್ನು ತೆರೆದರೆ, ಇದೇ ಪ್ರಶ್ನೆಯನ್ನು ಸುಮಾರು ಒಂಬೈನೂರು ವರ್ಷಗಳ ಹಿಂದೆ ಎದುರಿಸಿದ ಒಂದು ವಿದ್ಯಾಸ್ಥಾನದ ದಾಖಲೆಗಳು ಸಿಗುತ್ತವೆ. ಪ್ರಸ್ತುತ ಲೇಖನ ಅಲ್ಲಿಂದ ಹೊರಡುತ್ತದೆ.

ಆ ವಿದ್ಯಾಸ್ಥಾನ ಬಳ್ಳಿಗಾವೆಯ ಕೋಡಿಮಠ. ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ, ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡು, ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು. ಕಾಳಾಮುಖ ಶೈವರ ಶಕ್ತಿಪರ್ಷೆಗೆ, ಮೂವರಕೋಣೆಯ ಸಂತತಿಗೆ ಸೇರಿದ ಆಚಾರ್ಯರು ಅದನ್ನು ನಡೆಸಿದರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ವಿದ್ಯಾಭರಣ, ಗೌತಮ, ವಾಮಶಕ್ತಿ ಎಂದು ಗುರುಪರಂಪರೆಯ ಹೆಸರುಗಳು ಶಾಸನದಿಂದ ಶಾಸನಕ್ಕೆ ಮುಂದುವರಿಯುತ್ತವೆ. ಮಠದ ಬಗ್ಗೆ ಬರೆದ ಬಹುತೇಕ ವಿದ್ವಾಂಸರು ಅದರ ಪಾಠಪಟ್ಟಿಯನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ನನ್ನ ಗಮನವನ್ನು ಹೆಚ್ಚು ಸೆಳೆದದ್ದು ಕ್ರಿ.ಶ. 1129ರ ಶಾಸನದಲ್ಲಿ ಬರುವ ಒಂದು ಸಣ್ಣ ಪ್ರಸಂಗ.

ಆ ವರ್ಷ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 'ಮಾನಸೋಲ್ಲಾಸ'ದ ಕರ್ತೃವೆಂದು ನಮಗೆ ಪರಿಚಿತನಾದವನು, ದಕ್ಷಿಣದ ಕಡೆಗೆ ಬಂದಿದ್ದ. ಕೇದಾರೇಶ್ವರಕ್ಕೆ ದತ್ತಿ ದೊರೆಯಿತು. ಮಠದ ಆಚಾರ್ಯನಾಗಿದ್ದ ವಿದ್ಯಾಭರಣ ಅದನ್ನು ಸ್ವೀಕರಿಸಿದ. ಹಾಗೆ ಸ್ವೀಕರಿಸಿದವನು, ಮಠದ ಆಡಳಿತದಲ್ಲಿ ತೊಡಗಿಕೊಂಡರೆ ವಿದ್ಯೆಯ ಸುಖಕ್ಕೆ ಅಡ್ಡಿಯಾಗುತ್ತದೆ ಎಂದು ಭಾವಿಸಿ, ಮಠವನ್ನು ತನ್ನ ಹಿರಿಯ ಶಿಷ್ಯ ಗೌತಮನ ಕೈಗೆ ಒಪ್ಪಿಸಿದನೆಂದು ಶಾಸನ ಹೇಳುತ್ತದೆ.

ಪ್ರಶಸ್ತಿಗಳನ್ನು ಓದಿ ಬಲ್ಲವರು ಇಲ್ಲಿ ಒಮ್ಮೆ ನಿಂತು ಅನುಮಾನಿಸಬೇಕು. ಶಾಸನಕವಿ ಬರೆಯುವುದು ದತ್ತಿ ಪಡೆದವರ ಪರವಾಗಿ. ಗುರುವಿನ ನಿರ್ಗಮನವನ್ನು ವಿದ್ಯಾಪ್ರೇಮವೆಂದು ಅಲಂಕರಿಸಿದ್ದರೂ ಇರಬಹುದು. ಆದರೆ ಹೀಗೆ ಅಲಂಕರಿಸಬೇಕೆಂದು ಅವರಿಗೆ ತೋರಿದ್ದೇ ಒಂದು ಸಾಕ್ಷ್ಯ. ಆಚಾರ್ಯನೊಬ್ಬ ಅಧಿಕಾರವನ್ನು ಬಿಟ್ಟುಕೊಡುವುದು ಆ ಕಾಲದ ವಿದ್ಯಾವಂತ ಸಮಾಜಕ್ಕೆ ಕಲ್ಲಿನ ಮೇಲೆ ಹಾಕಿಸಬಹುದಾದ ಗುಣವಾಗಿತ್ತು, ಮುಚ್ಚಿಡಬೇಕಾದ ಸಂಗತಿಯಾಗಿರಲಿಲ್ಲ. ಕಾಲವನ್ನೂ ಗಮನಿಸಬೇಕು. ವಿದ್ಯಾಭರಣ ಮಠವನ್ನು ಬಿಟ್ಟುಕೊಟ್ಟದ್ದು ಅದು ಕಷ್ಟದಲ್ಲಿದ್ದಾಗ ಅಲ್ಲ, ರಾಜನ ದತ್ತಿ ಕೈಸೇರಿದ ಹೊತ್ತಿನಲ್ಲಿ. ಕೊರತೆಯ ಸಂಸ್ಥೆಯನ್ನು ಕಿರಿಯರ ಹೆಗಲಿಗೆ ದಾಟಿಸುವ ಹಿರಿಯರನ್ನು ನಾವು ಧಾರಾಳವಾಗಿ ಕಂಡಿದ್ದೇವೆ. ತುಂಬಿದ ಭಂಡಾರದೊಡನೆ ದಾಟಿಸುವವರು ಕಡಿಮೆ.

ಗೌತಮನ ಮೇಲಿಟ್ಟ ನಂಬಿಕೆ ಹುಸಿಯಾಗಲಿಲ್ಲವೆಂಬುದಕ್ಕೆ ಮುಂದಿನ ಶಾಸನಗಳೇ ಆಧಾರ. ಗೌತಮನ ಶಿಷ್ಯ ವಾಮಶಕ್ತಿಯ ಕಾಲದಲ್ಲಿ ಮಠ ತನ್ನ ಉಚ್ಛ್ರಾಯವನ್ನು ಮುಟ್ಟಿತು. ಕಳಚುರಿಗಳಿಂದ ಹೊಯ್ಸಳ ಎರಡನೆಯ ಬಲ್ಲಾಳನವರೆಗೆ ಅರಸುಮನೆತನಗಳು ಬದಲಾದರೂ ಆತ ರಾಜಗುರುವಾಗಿ ಮನ್ನಣೆ ಪಡೆದ. ಕಲ್ಯಾಣದಲ್ಲಿ ಸಿಂಹಾಸನ ಕೈಯಿಂದ ಕೈಗೆ ಹೋಗುತ್ತಿದ್ದಾಗ ಬಳ್ಳಿಗಾವೆಯ ಈ ಮಠದಲ್ಲಿ ಪೀಠ ಗುರುವಿನಿಂದ ಶಿಷ್ಯನಿಗೆ ಸಾಗುತ್ತಿತ್ತು.

ಈ ಪ್ರಸಂಗವನ್ನು ಓದಿದಾಗಲೆಲ್ಲ ಜೈನ ಸಾಹಿತ್ಯದ ವಿದ್ಯಾರ್ಥಿಗೆ 'ಭಗವತೀ ಆರಾಧನಾ' ನೆನಪಾಗದೆ ಇರದು. ಶಿವಾರ್ಯನ ಈ ಪ್ರಾಕೃತ ಗ್ರಂಥವನ್ನು ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕಾರಣಗಳಿಗೆ ಹೆಸರಿಸುತ್ತೇವೆ: ಸಲ್ಲೇಖನದ ವಿಧಿಗಾಗಿ, ಮತ್ತು 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳ ಹಿಂದಿರುವ ಗಾಹೆಗಳಿಗಾಗಿ. ಅದರೊಳಗೆ ಗಣದ ಆಡಳಿತವನ್ನು ಕುರಿತ ಒಂದು ದೊಡ್ಡ ಭಾಗವಿದೆ. ಗಣವೆಂದರೆ ಒಬ್ಬ ಆಚಾರ್ಯನ ಕೆಳಗೆ ಒಟ್ಟಿಗೆ ಬಾಳುವ, ಓದುವ, ಪಾಠ ಹೇಳುವ, ಪರಸ್ಪರ ಸೇವೆ ಮಾಡುವ ಮುನಿಗಳ ಸಮುದಾಯ. ಅದನ್ನು ಧಾರ್ಮಿಕ ಸಂಸ್ಥೆ ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ಶತಮಾನಗಳ ಕಾಲ ಕರ್ನಾಟಕದಲ್ಲಿ ವ್ಯಾಕರಣ, ತರ್ಕ, ಗಣಿತ, ಕಾವ್ಯಗಳು ಬೆಳೆದದ್ದು ಇಂಥ ಗಣಗಳ ಒಳಗೆ.

ಆರಾಧನೆಯ ಪ್ರಕಾರ, ತನ್ನ ಆಯುಷ್ಯ ಮುಗಿಯುತ್ತಿರುವುದನ್ನು ಅರಿತ ಆಚಾರ್ಯ ಮೊದಲು ಮಾಡಬೇಕಾದದ್ದು ಗಣವನ್ನು ಯೋಗ್ಯನೊಬ್ಬನಿಗೆ ಒಪ್ಪಿಸುವುದು. ಆಮೇಲೆ ಇಡೀ ಗಣದ ಮುಂದೆ, ಬಾಲಮುನಿಗಳೂ ಸೇರಿದಂತೆ ಎಲ್ಲರ ಕ್ಷಮೆ ಬೇಡುವುದು. ಹೊಸ ಆಚಾರ್ಯನಿಗೆ ಉಪದೇಶ, ಗಣಕ್ಕೂ ಉಪದೇಶ. ಇಷ್ಟು ಮುಗಿದ ಮೇಲೆ ಆತ ಅಲ್ಲಿಯೇ ಉಳಿಯುವಂತಿಲ್ಲ, ಬೇರೆ ಗಣಕ್ಕೆ ಹೊರಟುಹೋಗಬೇಕು. ಯಾಕೆ ಎಂಬುದಕ್ಕೆ ಗ್ರಂಥ ಕೊಡುವ ಕಾರಣಗಳು ಮನಶ್ಶಾಸ್ತ್ರದ ದೃಷ್ಟಿಯಿಂದ ಬಹಳ ನಿಖರವಾಗಿವೆ. ಮೊದಲನೆಯದು ಆಜ್ಞಾಕೋಪ. ಹಿಂದೆ ತನ್ನ ಮಾತಿಗೆ ತಲೆಬಾಗುತ್ತಿದ್ದವರು ಈಗ ಬಾಗದಿದ್ದರೆ ಹಳೆಯ ಆಚಾರ್ಯನಿಗೆ ಸಿಟ್ಟು ಬರುತ್ತದೆ. ಸಿಟ್ಟಿನಿಂದ ಕಟುಮಾತು, ಕಟುಮಾತಿನಿಂದ ಕಲಹ. ಜೊತೆಗೆ ಬೆಳೆಸಿದವರ ಮೇಲಿನ ಮೋಹ. ಇವೆಲ್ಲ ಅವನ ಸಮಾಧಿಯನ್ನೂ ಕೆಡಿಸುತ್ತವೆ, ಹೊಸಬನ ಅಧಿಕಾರವನ್ನೂ ಕೆಡಿಸುತ್ತವೆ. ನಿವೃತ್ತಿಯ ಮರುದಿನವೂ ಸಿಬ್ಬಂದಿಯ ಕೊಠಡಿಗೆ ಬಂದು ಕೂರುವ ಹಿರಿಯರನ್ನು ಕಂಡವರಿಗೆ ಈ ಗಾಹೆಗಳಿಗೆ ಟೀಕೆ ಬೇಕಾಗುವುದಿಲ್ಲ.

'ವಡ್ಡಾರಾಧನೆ'ಯ ಭದ್ರಬಾಹು ಭಟಾರರ ಕಥೆಯಲ್ಲಿ ಇದರ ಕಥಾರೂಪವಿದೆ. ಬರಗಾಲದ ಕಾರಣ ದಕ್ಷಿಣಕ್ಕೆ ನಡೆದ ಸಂಘ ಕಳ್ಬಪ್ಪಿಗೆ ಬಂದಾಗ, ತಮ್ಮ ಆಯುಷ್ಯ ಕಿರಿದೆಂದು ಅರಿತ ಭದ್ರಬಾಹು ಸಂಘವನ್ನು ವಿಶಾಖಾಚಾರ್ಯರಿಗೆ ಒಪ್ಪಿಸಿ ಮುಂದೆ ಕಳುಹಿಸುತ್ತಾರೆ, ತಾವು ಅಲ್ಲಿ ಉಳಿಯುತ್ತಾರೆ. ಇಲ್ಲಿ ಆಚಾರ್ಯ ಗಣವನ್ನು ಬಿಟ್ಟು ಹೋಗುವ ಬದಲು ಗಣವೇ ಆಚಾರ್ಯನನ್ನು ಬಿಟ್ಟು ಹೋಗುತ್ತದೆ, ತತ್ತ್ವ ಒಂದೇ. ಚಂದ್ರಗುಪ್ತನ ಶುಶ್ರೂಷೆಯ ಭಾಗವನ್ನು ತರಗತಿಗಳಲ್ಲಿ ಹೆಚ್ಚಾಗಿ ವಿವರಿಸುತ್ತೇವೆ. ಹನ್ನೆರಡು ವರ್ಷದ ಕ್ಷಾಮದಲ್ಲಿ ಅಪರಿಚಿತ ನಾಡಿನಲ್ಲಿ ಸಂಘವನ್ನು ಕಾಯುವ ಭಾರ ಹೊತ್ತು ನಡೆದ ವಿಶಾಖಾಚಾರ್ಯರ ಮೇಲೆ ಇಡಲಾದ ನಂಬಿಕೆಯ ಕಡೆಗೂ ವಿದ್ಯಾರ್ಥಿಗಳ ಗಮನ ಹರಿಯುವಂತೆ ಮಾಡಬೇಕು.

ಇನ್ನು ಈ ಲೇಖನದ ಶೀರ್ಷಿಕೆಯಾಗಿರುವ ಪದ. ಸಲ್ಲೇಖನವನ್ನು ನಡೆಸಿಕೊಡುವ ನಿರ್ಯಾಪಕ ಆಚಾರ್ಯನಿಗೆ ಇರಬೇಕಾದ ಎಂಟು ಗುಣಗಳನ್ನು ಆರಾಧನೆ ಹೇಳುತ್ತದೆ. ಆತ ಆಚಾರವಂತನಾಗಿರಬೇಕು, ಶ್ರುತದ ಆಧಾರವುಳ್ಳವನಾಗಿರಬೇಕು, ಪ್ರಾಯಶ್ಚಿತ್ತದ ವ್ಯವಹಾರ ಬಲ್ಲವನಾಗಿರಬೇಕು, ಸ್ವತಃ ಸೇವೆಗೆ ನಿಲ್ಲುವವನಾಗಿರಬೇಕು, ಲಾಭಹಾನಿಗಳನ್ನು ತೋರಿಸಿಕೊಡಬೇಕು. ಮುಚ್ಚಿಟ್ಟ ದೋಷವನ್ನು ಹೊರಗೆಡಹಿಸುವ ಗಟ್ಟಿತನವೂ, ಕಷ್ಟದಲ್ಲಿರುವವನನ್ನು ಸಂತೈಸಿ ದಡ ಮುಟ್ಟಿಸುವ ಗುಣವೂ ಬೇಕು. ಇವುಗಳ ಜೊತೆಯಲ್ಲಿ ಬರುವುದೇ ಅಪರಿಸ್ರಾವಿತ್ವ. ಪರಿಸ್ರಾವವೆಂದರೆ ಸೋರಿಕೆ. ಶಿಷ್ಯ ಆಲೋಚನೆಯಲ್ಲಿ, ಅಂದರೆ ಗುರುವಿನ ಮುಂದೆ ದೋಷ ನಿವೇದಿಸಿಕೊಳ್ಳುವಾಗ ಹೇಳಿದ್ದನ್ನು ಹೊರಗೆ ಸೋರಲು ಬಿಡದವನು ಅಪರಿಸ್ರಾವಿ. ಕಾದ ಕಬ್ಬಿಣ ಕುಡಿದ ನೀರು ಹೇಗೆ ಮತ್ತೆ ಹೊರಬರುವುದಿಲ್ಲವೋ ಹಾಗೆ ಎಂಬ ಹೋಲಿಕೆಯನ್ನು ಗ್ರಂಥಕಾರ ಬಳಸುತ್ತಾನೆ. ಕುಲುಮೆಯ ಮುಂದೆ ನಿಂತು ನೋಡಿದವನ ಹೋಲಿಕೆಯಿದು.

ಸೋರಿದರೆ ಏನಾಗುತ್ತದೆ ಎಂಬುದನ್ನೂ ಆರಾಧನೆ ಹಂತಹಂತವಾಗಿ ಹೇಳುತ್ತದೆ. ದೋಷ ಹೇಳಿಕೊಂಡ ಮುನಿ ಅವಮಾನದಿಂದ ಗಣವನ್ನೇ ತೊರೆಯಬಹುದು, ಇನ್ನೂ ಕೆಟ್ಟದ್ದಕ್ಕೂ ಕೈಹಾಕಬಹುದು. ಅಷ್ಟರಲ್ಲಿ ನಿಲ್ಲುವುದಿಲ್ಲ. ಇಂದು ಇವನಿಗಾದದ್ದು ನಾಳೆ ನಮಗೂ ಆಗುತ್ತದೆ ಎಂಬ ಭಾವ ಉಳಿದವರಲ್ಲಿ ಹರಡಿ ಗಣವೇ ಆಚಾರ್ಯನಿಂದ ದೂರವಾಗುತ್ತದೆ. ಹೇಳಿಕೊಳ್ಳುವವರು ಇಲ್ಲವಾದ ಮೇಲೆ ತಿದ್ದುವುದೂ ಸಾಧ್ಯವಿಲ್ಲ. ಒಂದು ಮಾತಿನ ಸೋರಿಕೆ ಇಡೀ ಸಮುದಾಯದ ಕಲಿಕೆಯನ್ನು ನಿಲ್ಲಿಸುತ್ತದೆ ಎಂಬ ತರ್ಕ ಇಷ್ಟು ಸ್ಪಷ್ಟವಾಗಿ ಪ್ರಾಚೀನ ಭಾರತೀಯ ಗ್ರಂಥಗಳಲ್ಲಿ ಬೇರೆಲ್ಲಿಯಾದರೂ ಇದ್ದರೆ ನನ್ನ ಓದಿಗೆ ಬಂದಿಲ್ಲ. ಗಮನಿಸಬೇಕಾದ ಇನ್ನೊಂದು ಅಂಶ: ಇದು ದೋಷವನ್ನು ಮುಚ್ಚಿಹಾಕುವ ಸಲಹೆಯಲ್ಲ. ದೋಷವನ್ನು ಒತ್ತಿ ಹೊರತೆಗೆಯುವ ಗುಣ, ಪ್ರಾಯಶ್ಚಿತ್ತ ವಿಧಿಸುವ ಗುಣ ಎರಡೂ ಅದೇ ಪಟ್ಟಿಯಲ್ಲಿವೆ. ಹೇಳಿಸುವುದು, ತಿದ್ದುವುದು, ಸೋರದಂತೆ ಇಡುವುದು ಮೂರೂ ಒಬ್ಬನಲ್ಲಿಯೇ ಇರಬೇಕು.

ದೋಷ ಸೋರಬಾರದು, ಸರಿ. ವಿದ್ಯೆ? ಅದು ಸೋರಬೇಕಾದದ್ದು. ವಿದ್ಯಾಸ್ಥಾನದಲ್ಲಿ ವಿಶ್ವಾಸ ಕೆಡುವುದು ಬಹುಶಃ ಈ ಎರಡೂ ತಲೆಕೆಳಗಾದಾಗ, ಸಹೋದ್ಯೋಗಿಯ ತಪ್ಪು ಊರೆಲ್ಲ ಹರಡಿ ಗ್ರಂಥ ಮಾತ್ರ ಬೀಗದೊಳಗೆ ಉಳಿದಾಗ. ಬಳ್ಳಿಗಾವೆಯ ಶಾಸನಗಳಿಗೆ ಮರಳಿದರೆ ಈ ಎರಡನೆಯ ಅರ್ಧದ ಚರಿತ್ರೆ ಕಾಣುತ್ತದೆ.

1036ರ ಶಾಸನವೊಂದು ಬಳ್ಳಿಗಾವೆಯ ಪಂಚಲಿಂಗ ದೇವಾಲಯದ ಲಕುಳೀಶ್ವರ ಪಂಡಿತನದು. ಅವನೂ ಕಾಳಾಮುಖ, ಆದರೆ ಮಠ ಬೇರೆ. ಅವನ ಪ್ರಶಸ್ತಿಯಲ್ಲಿ ಬೌದ್ಧರು, ಮೀಮಾಂಸಕರು, ಲೋಕಾಯತರು, ಸಾಂಖ್ಯರು ಒಬ್ಬೊಬ್ಬರಾಗಿ ಅವನ ವಾದಕ್ಕೆ ಬಲಿಯಾಗುತ್ತಾರೆ. ಜೈನರ ಸರದಿ ಬಂದಾಗ ಅಕಲಂಕ, ವಾದೀಭಸಿಂಹ, ವಾದಿರಾಜರ ಹೆಸರುಗಳು ಬರುತ್ತವೆ. ವಾದಿರಾಜ ಅವನ ಸಮಕಾಲೀನ, 1025ರಲ್ಲಿ 'ಪಾರ್ಶ್ವನಾಥಚರಿತ'ವನ್ನು ಮುಗಿಸಿದವನು. ಅವನೊಡನೆ ವಾದ ನಡೆದಿರಲು ಸಾಧ್ಯ. ಅಕಲಂಕ ಕಾಲವಾಗಿ ಶತಮಾನಗಳೇ ಕಳೆದಿದ್ದವು. ತೀರಿಕೊಂಡವರನ್ನು ಸೋಲಿಸುವುದು ಎಲ್ಲ ಕಾಲದ ಪಂಡಿತರಿಗೂ ಪ್ರಿಯವಾದ ಕೆಲಸ. ನಮ್ಮವರು ಇದರಲ್ಲಿ ಹಿಂದೆ ಬಿದ್ದವರೇನಲ್ಲ; ಶ್ರವಣಬೆಳ್ಗೊಳದ ಪ್ರಶಸ್ತಿಗಳಲ್ಲಿ ಜೈನ ವಾದಿಗಳು ಶೈವ, ಬೌದ್ಧ ಪಂಡಿತರನ್ನು ಇದೇ ಭಾಷೆಯಲ್ಲಿ ಮಣಿಸುತ್ತಾರೆ.

ಅದೇ ಊರಿನಲ್ಲಿ 1077ರಲ್ಲಿ ಚಾಲುಕ್ಯ ಗಂಗ ಪೆರ್ಮಾನಡಿ ಜಿನಾಲಯಕ್ಕಾಗಿ ಸೇನಗಣದ ರಾಮಸೇನ ಪಂಡಿತನಿಗೆ ದತ್ತಿ ದೊರೆಯಿತು. ವ್ಯಾಕರಣದಲ್ಲಿ ಪೂಜ್ಯಪಾದ, ತರ್ಕದಲ್ಲಿ ಅಕಲಂಕ, ಕಾವ್ಯದಲ್ಲಿ ಸಮಂತಭದ್ರ ಎಂದು ಅವನನ್ನು ಹೊಗಳಲಾಗಿದೆ. ನಲವತ್ತು ವರ್ಷಗಳ ಹಿಂದೆ ಇನ್ನೊಂದು ಮಠದ ಪಂಡಿತ 'ಸೋಲಿಸಿದ' ಅಕಲಂಕ ಇಲ್ಲಿ ಮತ್ತೆ ತರ್ಕದ ಅಳತೆಗೋಲಾಗಿ ನಿಂತಿದ್ದಾನೆ. ಊರಿನಲ್ಲಿ ಬೌದ್ಧ ವಿಹಾರವೂ ಇತ್ತು. ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂದು ಐದು ಮಠಗಳನ್ನು ಶಾಸನ ಒಟ್ಟಿಗೆ ಹೆಸರಿಸುತ್ತದೆ. ಇಷ್ಟು ಮಂದಿ ವಾದಿಗಳು ಒಂದೇ ಊರಿನಲ್ಲಿ ಹೇಗೆ ಬಾಳಿದರು?

ಉತ್ತರದ ಒಂದು ಭಾಗ ಕೋಡಿಮಠದ 1162ರ ಶಾಸನದಲ್ಲಿದೆ. ಕಳಚುರಿ ಬಿಜ್ಜಳ ಬಳ್ಳಿಗಾವೆಗೆ ಬಂದಿದ್ದಾಗ ದಂಡನಾಯಕ ಕಸಪಯ್ಯನ ಬಿನ್ನಹದ ಮೇರೆಗೆ ವಾಮಶಕ್ತಿಗೆ ಕೊಟ್ಟ ದತ್ತಿಯ ಸಂದರ್ಭ ಅದು. ಮಠದಲ್ಲಿ ಏನೇನು ನಡೆಯುತ್ತದೆ ಎಂದು ಶಾಸನ ಸಾಲಾಗಿ ಹೇಳುತ್ತದೆ. ನಾಲ್ಕು ವೇದಗಳ ಅಧ್ಯಯನ, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳ ಪಾಠ, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ. ಇದರ ಜೊತೆಗೆ ದೀನ, ಅನಾಥ, ಕುಂಟ, ಕುರುಡ, ಕಿವುಡರಿಗೆ ಅನ್ನದಾನ, ರೋಗಿಗಳಿಗೆ ಚಿಕಿತ್ಸೆ, ಭಯಗೊಂಡವರಿಗೆ ಅಭಯ. ಅನ್ನ ಪಡೆಯುವ ಸನ್ಯಾಸಿಗಳ ಪಟ್ಟಿಯಲ್ಲಿ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರ ಜೊತೆ ಕ್ಷಪಣಕರೂ ಇದ್ದಾರೆ. ಕ್ಷಪಣಕರೆಂದರೆ ದಿಗಂಬರ ಮುನಿಗಳು.

ಈ ಪಟ್ಟಿಯಲ್ಲಿ ಶಾಕಟಾಯನನ ಹೆಸರಿನ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಪಾಣಿನಿಗಿಂತ ಹಿಂದಿನ ಶಾಕಟಾಯನನೊಬ್ಬನಿದ್ದಾನೆ, ಆದರೆ ಅವನ ವ್ಯಾಕರಣ ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದ ಕರ್ನಾಟಕದಲ್ಲಿ ಪಾಠ ಹೇಳಬಹುದಾಗಿದ್ದ ಶಾಕಟಾಯನವೆಂದರೆ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಪಾಲ್ಯಕೀರ್ತಿಯ 'ಶಬ್ದಾನುಶಾಸನ'. ಅದಕ್ಕೆ ಅವನೇ ಬರೆದ ವೃತ್ತಿಯ ಹೆಸರೇ 'ಅಮೋಘವೃತ್ತಿ'. ಪಾಲ್ಯಕೀರ್ತಿ ಯಾಪನೀಯ ಸಂಘದವನು. ಆರಾಧನೆಯ ಶಿವಾರ್ಯನನ್ನೂ ಅನೇಕ ವಿದ್ವಾಂಸರು ಅದೇ ಸಂಘಕ್ಕೆ ಸೇರಿಸುತ್ತಾರೆ. ಶೈವ ಮಠವೊಂದು ಜೈನ ಮುನಿಯ ವ್ಯಾಕರಣವನ್ನು ಪಾಣಿನಿಯ ಪಕ್ಕದಲ್ಲಿಟ್ಟು ಪಾಠ ಹೇಳುತ್ತಿತ್ತು, ಅದನ್ನು ಅರಸನ ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು. ವಾದದಲ್ಲಿ ಜೈನನನ್ನು ಸೋಲಿಸಬೇಕೆಂದೇ ಆ ವ್ಯಾಕರಣವನ್ನು ಓದುತ್ತಿದ್ದರೆಂದು ವಾದಿಸಬಹುದು. ತರ್ಕಗ್ರಂಥದ ವಿಷಯದಲ್ಲಿ ಆ ಮಾತು ನಿಂತೀತು. ವ್ಯಾಕರಣವನ್ನು ಯಾರೂ ಖಂಡಿಸಲು ಓದುವುದಿಲ್ಲ, ಉಪಯೋಗಿಸಲು ಓದುತ್ತಾರೆ. ಪ್ರತಿಪಕ್ಷದವನ ಗ್ರಂಥದಿಂದ ತನ್ನ ಶಿಷ್ಯನ ಭಾಷೆಯನ್ನು ತಿದ್ದಿಸುವುದಕ್ಕಿಂತ ದೊಡ್ಡ ವಿದ್ವತ್ ವಿಶ್ವಾಸ ಯಾವುದಿದೆ?

ಇದನ್ನು ಸರ್ವಧರ್ಮ ಸಮನ್ವಯದ ಸುವರ್ಣಯುಗವೆಂದು ಬಣ್ಣಿಸುವ ಆತುರ ಬೇಡ. ಬಳ್ಳಿಗಾವೆಯಿಂದ ಹೆಚ್ಚು ದೂರವಿಲ್ಲದ ಅಬ್ಬಲೂರಿನ ಶಾಸನ, ಸುಮಾರು 1200ರದು, ಏಕಾಂತದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ನಡೆದ ಪಣವನ್ನು, ಜಿನಬಿಂಬದ ಭಂಗವನ್ನು, ಬಿಜ್ಜಳ ಕೊಟ್ಟ ಜಯಪತ್ರವನ್ನು ದಾಖಲಿಸುತ್ತದೆ. ಕೋಡಿಮಠದಲ್ಲಿ ಶಾಕಟಾಯನದ ಪಾಠ ನಡೆಯುತ್ತಿದ್ದ ಅದೇ ಬಿಜ್ಜಳನ ಕಾಲದ ಮಾತಿದು. ಒಂದೇ ನಾಡಿನಲ್ಲಿ, ಒಂದೇ ತಲೆಮಾರಿನಲ್ಲಿ, ಪುಸ್ತಕವನ್ನು ಹಂಚಿಕೊಳ್ಳುವ ಶೈವನೂ ಬಿಂಬವನ್ನು ಒಡೆಯುವ ಶೈವನೂ ಇದ್ದರು. ವಿಶ್ವಾಸ ಕಾಲದ ಗುಣವಾಗಿರಲಿಲ್ಲ. ಕೆಲವು ಸಂಸ್ಥೆಗಳು ಅದನ್ನು ಕಟ್ಟಿಕೊಂಡವು, ಕೆಲವು ಕಟ್ಟಿಕೊಳ್ಳಲಿಲ್ಲ.

ಕಟ್ಟಿಕೊಳ್ಳದಿದ್ದ ಕಾಲದ ಉದಾಹರಣೆಗೆ ನಾವು ಅನ್ಯರ ಮನೆಗೆ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂದು ಹೆಸರಾದ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿದ್ದವು. ಷಟ್‌ಖಂಡಾಗಮದ ಮೇಲೆ ವೀರಸೇನರು ಬರೆದ ಧವಲಾ ಟೀಕೆಯ ಬೇರೆ ಮೂಲಪ್ರತಿ ದೇಶದಲ್ಲೆಲ್ಲಿಯೂ ಇರಲಿಲ್ಲ. ಯಾತ್ರಿಕರಿಗೆ ಅವು ದರ್ಶನದ ವಸ್ತುಗಳು, ಓದುವ ವಸ್ತುಗಳಾಗಿರಲಿಲ್ಲ. ಓಲೆಗಳು ಶಿಥಿಲವಾಗುತ್ತಿದ್ದುದನ್ನು ಕಂಡು ಸೊಲ್ಲಾಪುರ, ಮುಂಬಯಿಗಳ ಶ್ರಾವಕರು ಒತ್ತಾಯಿಸಿದ ಮೇಲೆ 1896ರಲ್ಲಿ ಪ್ರತಿಮಾಡುವ ಕೆಲಸ ಆರಂಭವಾಯಿತು. ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಶಾಸ್ತ್ರಿ ಎಂಬ ಇಬ್ಬರು ವಿದ್ವಾಂಸರು ತೊಡಗಿದರು. ಷರತ್ತು ಒಂದೇ, ಪ್ರತಿಗಳು ಮೂಡುಬಿದಿರೆಯಿಂದ ಹೊರಗೆ ಹೋಗಕೂಡದು.

ಗಜಪತಿ ಶಾಸ್ತ್ರಿಗಳು ಹಗಲು ಮಠಕ್ಕಾಗಿ ಬರೆದರು. ಮನೆಯಲ್ಲಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧವಾಯಿತು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದರು, ಮತ್ತೆ ಅಲ್ಲಿಯೂ ಪ್ರತಿ ಹೊರಬಾರದೆಂಬ ಕಟ್ಟುಪಾಡು. ಅಲ್ಲಿ ಪ್ರತಿಮಾಡಿದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಗುಟ್ಟಾಗಿ ಇನ್ನೊಂದನ್ನು ಇಟ್ಟು ಅದನ್ನು ಹಲವೆಡೆಗೆ ಹಂಚಿದರು. ಹೀಗೆ ಎರಡು ಬಾರಿ ಮಾತು ಮುರಿದ ಮೇಲೆ ಸಿದ್ಧಾಂತ ಗ್ರಂಥಗಳು ಲೋಕಕ್ಕೆ ದೊರೆತವು. ಅಮರಾವತಿಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಹೀರಾಲಾಲ್ ಜೈನ್ ಅವರು 1939ರಲ್ಲಿ ಧವಲೆಯ ಮೊದಲ ಸಂಪುಟವನ್ನು ಪ್ರಕಟಿಸಿದ್ದು ಈ ಪರಂಪರೆಯ ಪ್ರತಿಗಳ ಆಧಾರದ ಮೇಲೆ.

ಗಜಪತಿ ಶಾಸ್ತ್ರಿಗಳನ್ನು ಕೆಲವರು ಉದ್ಧಾರಕರೆನ್ನುತ್ತಾರೆ, ಕೆಲವರು ನಂಬಿಕೆದ್ರೋಹಿಯೆನ್ನುತ್ತಾರೆ. ಎರಡೂ ನಿಜವಿರಬಹುದು. ಆದರೆ ತಪ್ಪಿನ ದೊಡ್ಡ ಪಾಲು ಅವರದಲ್ಲ ಎಂಬುದು ನನ್ನ ಅಭಿಪ್ರಾಯ. ಓದಲು ಬಿಡದೆ ಕಾಯುವುದೇ ಕಾಪಾಡುವುದೆಂದು ತಿಳಿದ ವ್ಯವಸ್ಥೆ, ತನ್ನ ಬಳಿ ಕೆಲಸ ಮಾಡುವ ವಿದ್ವಾಂಸನ ಮುಂದೆ ಕಳ್ಳತನದ ಹೊರತು ಬೇರೆ ದಾರಿಯನ್ನು ಉಳಿಸಿರಲಿಲ್ಲ. ಮೂಡುಬಿದಿರೆಯವರ ಆತಂಕಕ್ಕೂ ಆಧಾರವಿತ್ತೆನ್ನಬೇಕು. ಶತಮಾನಗಳಿಂದ ಉಳಿಸಿಕೊಂಡು ಬಂದದ್ದನ್ನು ಕಳೆದುಕೊಳ್ಳುವ ಭಯ ಸಣ್ಣದಲ್ಲ. ಅವರು ಉಳಿಸಿರದಿದ್ದರೆ ಕದಿಯುವುದಕ್ಕೂ ಏನೂ ಇರುತ್ತಿರಲಿಲ್ಲ.

ಮುಂದಿನ ಘಟ್ಟ ನನಗೆ ಹೆಚ್ಚು ಮುಖ್ಯ. ಸಂಪುಟಗಳು ಹೊರಬರತೊಡಗಿದ ಮೇಲೆ ಮೂಡುಬಿದಿರೆಯ ಬಾಗಿಲು ತೆರೆಯಿತು. ಮುಂದಿನ ಸಂಪುಟಗಳ ಪಾಠವನ್ನು ಮೂಲ ಓಲೆಗಳೊಡನೆ ಹೋಲಿಸಿ ನೋಡಲು ಅವಕಾಶವಾಯಿತು, ಅಲ್ಲಿಯ ಪಂಡಿತರೇ ನೆರವಾದರು. ಮಹಾಬಂಧದ ಪ್ರಕಟಣೆಗೆ ದಾರಿಯಾಯಿತು. ಕದ್ದ ಪ್ರತಿಯಿಂದ ಆರಂಭವಾದ ಸಂಪಾದನೆ ಅನುಮತಿ ಪಡೆದ ಹೋಲಿಕೆಯಿಂದ ಹದಿನಾರು ಸಂಪುಟಗಳಲ್ಲಿ ಮುಗಿಯಿತು. ಈ ಬದಲಾವಣೆಗೆ ಹೀರಾಲಾಲ್ ಜೈನ್ ಮತ್ತು ಅವರ ಸಹಸಂಪಾದಕರಲ್ಲಿ ಒಬ್ಬರಾಗಿದ್ದ ಆ.ನೇ. ಉಪಾಧ್ಯೆಯವರ ವಿದ್ವತ್ತಿನ ಶಿಸ್ತು ಕಾರಣ. ಬೆಳಗಾವಿ ಜಿಲ್ಲೆಯ ಸದಲಗದವರಾದ ಉಪಾಧ್ಯೆಯವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಕೃತ ಅಧ್ಯಾಪಕರು. ಗ್ರಂಥವನ್ನು ಹೇಗೆ ಅಚ್ಚು ಮಾಡುತ್ತಾರೆಂಬುದನ್ನು ಕಣ್ಣಾರೆ ಕಂಡ ಮೇಲೆ ಮಠದ ಹಿರಿಯರ ಭಯ ಕಡಿಮೆಯಾಯಿತೆಂದು ಊಹಿಸಲು ಅಡ್ಡಿಯಿಲ್ಲ. ಮಾತಿನ ಭರವಸೆಗಿಂತ ಮೊದಲ ಸಂಪುಟದ ಅಚ್ಚುಕಟ್ಟುತನ ಹೆಚ್ಚು ಕೆಲಸ ಮಾಡಿತು. ಅದೇ ಉಪಾಧ್ಯೆಯವರು 1943ರಲ್ಲಿ ಹರಿಷೇಣನ 'ಬೃಹತ್ಕಥಾಕೋಶ'ವನ್ನು ಸಂಪಾದಿಸಿ, ಆರಾಧನೆಯ ಗಾಹೆಗಳಿಗೂ 'ವಡ್ಡಾರಾಧನೆ'ಗೂ ಇರುವ ಸಂಬಂಧದ ಚರ್ಚೆಗೆ ಗಟ್ಟಿ ನೆಲೆ ಒದಗಿಸಿದರು.

1949ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿದವರು ಡಿ.ಎಲ್. ನರಸಿಂಹಾಚಾರ್, ಶ್ರೀವೈಷ್ಣವರು. ಕೋಡಿಮಠದ ಶಾಕಟಾಯನ ಪಾಠದ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಮುಂದುವರಿಯಿತೆಂದು ನಾನು ತಿಳಿಯುತ್ತೇನೆ. ಅವರನ್ನು ರೂಪಿಸಿದ ಗುರು ನಮ್ಮ ಭಾಗದವರು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದ ದಿನಗಳ ಲೆಕ್ಕದಲ್ಲಿ ಒಂದೇ ಜಿಲ್ಲೆಯವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ ವಿಭಾಗವನ್ನು ಕಟ್ಟಿದವರು, ಕನ್ನಡದ ಮೊದಲ ಪ್ರಾಧ್ಯಾಪಕರು. ಅವರ ಗ್ರಂಥಗಳ ಪಟ್ಟಿಯನ್ನು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮುಖ್ಯ ಸಂಪಾದನೆಗಳಲ್ಲಿ ಅವರ ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರಿರುತ್ತದೆ. 'ಹರಿಶ್ಚಂದ್ರಕಾವ್ಯ ಸಂಗ್ರಹ'ದಲ್ಲಿ ಸಹೋದ್ಯೋಗಿ ಎ.ಆರ್. ಕೃಷ್ಣಶಾಸ್ತ್ರಿಗಳದು, 'ಸಿದ್ಧರಾಮಚಾರಿತ್ರ'ದಲ್ಲಿ ಶಿಷ್ಯ ನರಸಿಂಹಾಚಾರ್ಯರದು. ಶಿಷ್ಯನ ಶ್ರಮವನ್ನು ಮುನ್ನುಡಿಯ ಕೊನೆಯ ಸಾಲಿನಲ್ಲಿ ನೆನೆದು ಮುಗಿಸುವ ರೂಢಿ ಆಗಲೂ ಇತ್ತು, ಈಗಲೂ ಇದೆ. ಅದೇ ಕಾಲದಲ್ಲಿ, 1931ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ 'ಪಂಪಭಾರತ'ದ ಸಂಪಾದನೆಯ ಹೊಣೆ ಹೊತ್ತವರು ಬೆಳ್ಳಾವೆ ವೆಂಕಟನಾರಣಪ್ಪ, ಭೌತಶಾಸ್ತ್ರದ ಅಧ್ಯಾಪಕರು. ಆದಿಕವಿಯ ಕಾವ್ಯವನ್ನು ಭೌತಶಾಸ್ತ್ರದವರ ಕೈಗೆ ಕೊಡಲು ಆ ತಲೆಮಾರಿನ ಕನ್ನಡಿಗರು ಹಿಂಜರಿಯಲಿಲ್ಲ. ಇಂದು ವಿಷಯತಜ್ಞರ ಸಮಿತಿ ಅದನ್ನು ಒಪ್ಪುತ್ತಿತ್ತೇ ಎಂದು ಯೋಚಿಸಿದರೆ ನಗು ಬರುತ್ತದೆ.

ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಹತ್ತು ವರ್ಷಗಳ ನಂತರ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಅವರಿಗೆ ಅರ್ಪಿತವಾಗಿದೆ. ಅವರಿಂದ ಪಡೆಯಬಹುದಾದ ಯಾವ ಅನುಕೂಲವೂ ಉಳಿದಿರದ ಕಾಲದಲ್ಲಿ, ಅವರ ಶಿಷ್ಯರೂ ಅವರದೇ ವಿಭಾಗದ ಸಹೋದ್ಯೋಗಿಯೂ ಆಗಿದ್ದ ಕುವೆಂಪು ಮಾಡಿದ ಅರ್ಪಣೆ ಅದು.

ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳ ಕಾಲೇಜುಗಳ ಕಡೆಗೆ ಬರೋಣ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಹುಕಾಲ ಪ್ರಾಂಶುಪಾಲರ ಹುದ್ದೆಗೆ ಪೂರ್ಣಾವಧಿ ನೇಮಕಾತಿಯೇ ಇರಲಿಲ್ಲ. ಸೇವೆಯಲ್ಲಿ ಹಿರಿಯರಾದವರು ಪ್ರಭಾರ ವಹಿಸುತ್ತಿದ್ದರು. ಇಂದಿನ ಸಹೋದ್ಯೋಗಿ ನಾಳೆಯ ಮುಖ್ಯಸ್ಥ, ನಾಡಿದ್ದು ವರ್ಗಾವಣೆಯಾಗಿ ಬಂದ ಇನ್ನೊಬ್ಬ ಹಿರಿಯರ ಕೆಳಗೆ ಮತ್ತೆ ಸಹೋದ್ಯೋಗಿ. ಆಜ್ಞಾಕೋಪ ಹುಟ್ಟಲು ಇದಕ್ಕಿಂತ ಫಲವತ್ತಾದ ನೆಲವಿಲ್ಲ. ಆರಾಧನೆಯ ಆಚಾರ್ಯನಿಗೆ ಹೊರಟುಹೋಗಲು ಇನ್ನೊಂದು ಗಣವಿತ್ತು, ಇವರಿಗೆ ಅದೇ ಕೊಠಡಿ. ಪಾಠದ ಗಣನೀಯ ಭಾಗವನ್ನು ಹೊತ್ತಿರುವ ಅತಿಥಿ ಉಪನ್ಯಾಸಕರ ಸ್ಥಿತಿ ಇನ್ನೂ ಸೂಕ್ಷ್ಮ. ಮುಂದಿನ ವರ್ಷ ಕಾರ್ಯಭಾರ ಸಿಗುವುದೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ತಮ್ಮ ತರಗತಿಯ ತೊಡಕನ್ನು, ತಮಗೆ ಬಾರದ ಒಂದು ಹಳಗನ್ನಡ ಪಠ್ಯದ ಕಷ್ಟವನ್ನು ವಿಭಾಗದ ಮುಖ್ಯಸ್ಥರ ಮುಂದೆ ಹೇಳಿಕೊಳ್ಳಬೇಕಾದರೆ, ಕೇಳುವವರು ಕಾದ ಕಬ್ಬಿಣದಂತಿರಬೇಕು. ಹಾಗಿಲ್ಲವೆಂದು ಒಮ್ಮೆ ಅನಿಸಿದರೆ ಸಾಕು, ಅವರು ಮಾರ್ಗದರ್ಶಿ ಪುಸ್ತಕ ನೋಡಿ ಪಾಠ ಮುಗಿಸುತ್ತಾರೆ. ನಷ್ಟ ವಿದ್ಯಾರ್ಥಿಗೆ.

ಪ್ರಾಂಶುಪಾಲರು ಬದಲಾದಾಗ ಪ್ರಭಾರ ಹಸ್ತಾಂತರದ ಪತ್ರವೊಂದು ಸಿದ್ಧವಾಗುತ್ತದೆ. ಅದರಲ್ಲಿ ಬೀಗದಕೈಗಳಿವೆ, ನಗದು ಪುಸ್ತಕದ ಶಿಲ್ಕು ಇದೆ, ಚೆಕ್ ಪುಸ್ತಕದ ಉಳಿದ ಹಾಳೆಗಳ ಸಂಖ್ಯೆಯಿದೆ, ಪೀಠೋಪಕರಣಗಳ ದಾಸ್ತಾನು ವಹಿಯಿದೆ. ಇಬ್ಬರೂ ಸಹಿ ಮಾಡುತ್ತಾರೆ. ವಿದ್ಯಾಭರಣ ಗೌತಮನಿಗೆ ಮಠವನ್ನು ಒಪ್ಪಿಸಿದ ಪತ್ರ ಕಲ್ಲಿನ ಮೇಲಿದೆ. ಅದರಲ್ಲಿಯೂ ಭೂಮಿಯ, ದತ್ತಿಯ ಲೆಕ್ಕವಿದೆ. ಅದರ ಜೊತೆಗೆ, ಯಾಕಾಗಿ ಒಪ್ಪಿಸಿದನೆಂಬ ಒಂದು ಮಾತೂ ಇದೆ.